ಕಡ್ಡಿ ಎತ್ತದ ಅತ್ತೆ

ನನ್ನ ಗಂಡ ಕೊಟ್ರೇಶರಿಗೆ ಒಂದು ಚಟವಿದೆ. ನಾಲ್ಕು ಜನ ಕೂತರೆ ಸಾಕು, "ನಮ್ಮವ್ವಗ ಒಂದು ಕಡ್ಡಿ ಎತ್ತಾಕೂ ಬಿಡಂಗಿಲ್ರೀ" ಎನ್ನುತ್ತಾರೆ. ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟವರ ಮನೆಯ ಮುದುಕಿ ದುಡಿಯುತ್ತಾಳೆಂದರೆ ಮರ್ಯಾದೆಗೆ ಕಡಿಮೆಯಂತೆ. ಹಾಗಾಗಿ ಎಪ್ಪತ್ತೆಂಟರ ನನ್ನ ಅತ್ತೆ ಬಸವಂತಮ್ಮ ದಿನಾ ರೊಟ್ಟಿ ಬಡಿಯುವುದು, ಮಾಳಿಗೆ ಹತ್ತಿ ಶಾವಿಗೆ ಒಣಹಾಕುವುದು ಹೊರಗಿನವರಿಗೆ ಗೊತ್ತಾಗಬಾರದು. ಬೀಗರು ಬಂದರೆ ಅತ್ತೆಯನ್ನು ಮಂಚದ ಮೇಲೆ ಕೂರಿಸಿ ಕಾಲಿಗೆ ರಗ್ಗು ಹೊದಿಸುತ್ತೇವೆ. ಬೀಗರು ಹೋದ ಮೇಲೆ ಅತ್ತೆ ಮಗನನ್ನು ಬೈಯುತ್ತ ಏಳುತ್ತಾರೆ.

ಈ ಡೌಲು ಅವರ ಜೀವಕ್ಕೇ ಕುತ್ತು ತರುವುದರಲ್ಲಿತ್ತು.

ಅತ್ತೆಯ ಎಡ ಎದೆಯಲ್ಲಿ ಗಡ್ಡೆ ಕಾಣಿಸಿತು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ರಾಯಚೂರಿಗೆ ಹೋಗುವಾಗ ಕಾರಿನಲ್ಲಿ ಅತ್ತೆ ನನ್ನ ಕೈ ಹಿಡಿದು, "ಕೊಯ್ದು ತಗೀಲಿ ಬಿಡು. ಐಶ್ವರ್ಯನ ಕೂಸಿನ್ನ ನಾನಽ ತೊಟ್ಟಲದಾಗ ಹಾಕಬೇಕು" ಎಂದಿದ್ದರು. ಐಶ್ವರ್ಯ ನನ್ನ ಮಗಳು. ದೇವದುರ್ಗಕ್ಕೆ ಕೊಟ್ಟಿದ್ದೇವೆ, ಬಾಣಂತನಕ್ಕೆ ಬರುವವಳಿದ್ದಳು.

ಆಸ್ಪತ್ರೆಯ ಬಾಗಿಲಲ್ಲೇ ಇವರು ಗಾಲಿಕುರ್ಚಿ ತರಿಸಿ ತಾಯಿಯನ್ನು ಕೂರಿಸಿದರು. ಡಾಕ್ಟರ್ ಆತಿಯಾ ಕೇಳಿದರು, "ಅಮ್ಮಾರು ದಿನಾ ಏನೇನು ಕೆಲಸ ಮಾಡತಾರ್ರೀ?"

"ಏನೂ ಇಲ್ರೀ ಮೇಡಂ. ಕುಂತಲ್ಲೇ ಊಟ, ಕುಂತಲ್ಲೇ ನೀರು. ಮೆಟ್ಲಂತೂ ಹತ್ತಸಂಗೇ ಇಲ್ಲ."

ಡಾಕ್ಟರ ಮುಖ ಸಪ್ಪಗಾಯಿತು. "ಇಷ್ಟು ತ್ರಾಣ ಇಲ್ಲಂದ್ರ ಆಪರೇಷನ್ ಬ್ಯಾಡ. ಗುಳಿಗಿ ಕೊಡತೀನಿ. ಗಡ್ಡಿ ಬೆಳೀಲಾರದಂಗ ಹಿಡೀತಾವ, ಆದರ ಎಷ್ಟು ದಿನ ಅಂತ ಹೇಳಾಕ ಬರಂಗಿಲ್ಲ."

ಅತ್ತೆ ತಲೆ ತಗ್ಗಿಸಿದರು. ಪರರ ಮುಂದೆ ಮಗನ ಮಾತು ತೆಗೆದುಹಾಕಿದವರಲ್ಲ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಹೆತ್ತ ತಾಯಿಗಿಂತ ಡೌಲು ದೊಡ್ಡದೇ?

"ಇವರು ಹೇಳೋದು ಸುಳ್ರೀ ಮೇಡಂ. ಇವತ್ತು ಮುಂಜಾನಿ ನಾವು ತಿಂದ ರೊಟ್ಟಿ ಯಾರು ಬಡದ್ರು, ನಮ್ಮ ಅತ್ತಿಯವರನ್ನಽ ಕೇಳ್ರಿ" ಎಂದೆ.

ಇವರು ನನ್ನನ್ನು ನುಂಗುವ ಹಾಗೆ ನೋಡಿದರು. ಅತ್ತೆ ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಏನನ್ನೂ ಹಿಡಿಯದೆ ಗಾಲಿಕುರ್ಚಿಯಿಂದ ಎದ್ದು ನಿಂತರು.

"ನಾನಽ ಬಡದೀನ್ರೀ. ಈಕಿ ಬಡದ್ರ ಅಂಚು ಸೀಳತಾವ."

ಡಾಕ್ಟರು ನಕ್ಕರು. ಅತ್ತೆಯನ್ನು ನಡೆಸಿದರು, ಮೆಟ್ಟಿಲು ಹತ್ತಿಸಿದರು, ಹೃದಯದ ಪರೀಕ್ಷೆ ಮಾಡಿಸಿದರು. ಎಲ್ಲ ನೋಡಿ, ಇವರನ್ನು ಬಿಟ್ಟು ಅತ್ತೆಯ ಕಡೆಗೇ ತಿರುಗಿ ಹೇಳಿದರು: "ವಯಸ್ಸೊಂದನ್ನಽ ನೋಡಿ ಆಪರೇಷನ್ ಬ್ಯಾಡ ಅನ್ನಂಗಿಲ್ಲಮ್ಮಾ. ನಿಮಗ ತ್ರಾಣ ಅದ. ಗಡ್ಡಿ ಸಣ್ಣದದ, ಅದನ್ನಷ್ಟ ತಗದ್ರ ಸಾಕು, ಪೂರಾ ಎದಿ ತಗಿಯೋದು ಬ್ಯಾಡ. ಆಮ್ಯಾಲ ಗುಳಿಗಿ. ನಿಮ್ಮ ಮನಸ್ಸಿನಾಗ ಏನದ?"

"ತಗೀರಿ. ಕೂಸಿನ್ನ ಎತ್ತಾಕ ಕೈ ಬರಬೇಕು, ಅಷ್ಟ."

ಆಪರೇಷನ್ ಆಯಿತು. ಗಡ್ಡೆ ಪೂರಾ ಹೊರಬಂದಿದೆ, ಕಂಕುಳಿಗೆ ಹಬ್ಬಿಲ್ಲ ಎಂದು ಡಾಕ್ಟರು ಹೇಳಿದ ದಿನ ಇವರು ಆಸ್ಪತ್ರೆಯ ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಅತ್ತರು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ತೊಟ್ಟಿಲ ಕಾರ್ಯಕ್ಕೆ ದೇವದುರ್ಗದ ಬೀಗರು ಬಂದರು. ಅತ್ತೆ ಎರಡೂ ಕೈಯಲ್ಲಿ ಕೂಸನ್ನು ಎತ್ತಿ ತೊಟ್ಟಿಲಿಗೆ ಹಾಕಿದ್ದು ನೋಡಿ ಬೀಗರು ಕೇಳಿದರು, "ಈ ವಯಸ್ಸಿನಾಗ ಅಮ್ಮಾರು ಆಪರೇಷನ್ ಹೆಂಗ ತಡಕೊಂಡ್ರು?"

ಇವರು ಗಂಟಲು ಸರಿಮಾಡಿಕೊಂಡರು. ಬಂತು ಕಡ್ಡಿಯ ಮಾತು ಎಂದು ನಾನು ಹಲ್ಲು ಕಚ್ಚಿದೆ.

"ನಮ್ಮವ್ವ ದಿನಾ ರೊಟ್ಟಿ ಬಡೀತಾಳ್ರೀ" ಎಂದರು ಇವರು, ಎಲ್ಲರಿಗೂ ಕೇಳುವಂತೆ.

ನನ್ನ ಕಣ್ಣು ತುಂಬಿ ಬಂತು. ಅತ್ತೆ ತೊಟ್ಟಿಲು ತೂಗುತ್ತಲೇ ಹೇಳಿದರು, "ಅಂಚು ಸೀಳಲಾರದಂಗ. ಅದನ್ನೂ ಹೇಳು."