ಸೂರ ಕೊಟ್ಟ ಪಾಸು

ಬೂಟಿನ ತುದಿಯಲ್ಲಿ ಒಂದು ಏರೋಪ್ಲೇನ್ ಚಿಟ್ಟೆ ಬಂದು ಕೂತಿದೆ, ಕಾಲು ಅಲ್ಲಾಡಿಸಿದರೆ ಹಾರಿಹೋಗುತ್ತದೆ, ಅಲ್ಲಾಡಿಸುವುದಿಲ್ಲ, ಅದಕ್ಕೂ ಗೊತ್ತಾಗಿರಬೇಕು ಇದು ಓಡುವ ಬೂಟಲ್ಲ, ಬೆಂಚಿನ ಮುಂದೆ ಸುಮ್ಮನೆ ಇಟ್ಟ ಬೂಟು ಎಂದು, ಮ್ಯಾಚಿಗೆಂದು ಕ್ಲಬ್ಬಿನವರು ಕೊಟ್ಟು ಇಡೀ ಸೀಸನ್ ಕಳೆದರೂ ಅಂಗಡಿಯ ವಾಸನೆ ಹೋಗಿಲ್ಲ, ಪಕ್ಕದಲ್ಲಿ ಮನೀಷ ಬಾಟಲಿಯ ನೀರು ತಲೆಗೆ ಸುರಿದುಕೊಳ್ಳುತ್ತಿದ್ದಾನೆ, ಆಡದವನಿಗೆ ಎಂಥ ಬೆವರು, ಆದರೆ ನನಗೂ ಬೆವರುತ್ತಿದೆ, ಅಂಗೈ ಒದ್ದೆ, ತೊಡೆ ತಾನಾಗಿ ಕುಣಿಯುತ್ತಿದೆ — ಹಾರಿತು ಚಿಟ್ಟೆ. ಸುಣ್ಣದ ಗೆರೆಯ ಮೇಲಿಂದ ಹಾರಿ ಮೈದಾನದ ಒಳಗೆ ಹೋಯಿತು, ನಾನು ಹೋಗುವಂತಿಲ್ಲ. ಬ್ರಹ್ಮಾವರದ ಈ ಹುಲ್ಲು ಬಿಸಿಲಿಗೆ ಎಷ್ಟು ಹಸುರು, ಚೆಂಡು ಉರುಳುವ ಸದ್ದೇ ಇಲ್ಲ, ನಮ್ಮಲ್ಲಾದರೆ ಒದ್ದೆ ಮರಳಲ್ಲಿ ಹಿಮ್ಮಡಿ ಊರಿ ಗೆರೆ ಎಳೆಯುವುದು, ಅರ್ಧ ಆಟ ಮುಗಿಯುವುದರೊಳಗೆ ಸಮುದ್ರ ಬಂದು ಒಂದು ಬದಿಯ ಗೆರೆ ತಿಂದಿರುತ್ತದೆ — ನಮ್ಮಲ್ಲಿ ಅಂದೆನಾ, ಯಾವ ನಮ್ಮಲ್ಲಿ, ಮೈಮೇಲಿರುವುದು ರಾಯಲ್ಸ್ ಬ್ರಹ್ಮಾವರದ ನೇರಳೆ ಜೆರ್ಸಿ, ಬೆನ್ನ ಮೇಲೆ ರತೀಶ್ ಎಂದು ದೊಡ್ಡದಾಗಿ ಬರೆದದ್ದು, ಎದುರು ಆಡುತ್ತಿರುವುದು ಯಡ್ತರೆ ಫ್ರೆಂಡ್ಸ್, ಮಾಸಿದ ನೀಲಿ ಅಂಗಿಯವರು, ಕಳೆದ ವರ್ಷದವರೆಗೆ ನಾನೂ ಅವರಲ್ಲೊಬ್ಬ, ಇವತ್ತು ಫೈನಲ್, ಎರಡೂ ಕಡೆ ಒಂದೊಂದು ಗೋಲು. ಅಗೋ, ನೀಲಿ ಅಂಗಿಯ ಸೂರ ತಲೆ ಎತ್ತಿದ. ಬ್ಯಾಡ ಸೂರ, ಕೊಡ್ಬ್ಯಾಡ — ಕೊಟ್ಟೇಬಿಟ್ಟ, ಎಡಗಡೆಯ ಗೆರೆಗುಂಟ ಉದ್ದಕ್ಕೆ, ನೂಲು ಹಿಡಿದು ಎಳೆದ ಹಾಗೆ, ಅಲ್ಲಿ ಯಾರೂ ಇಲ್ಲ, ಚೆಂಡು ತನ್ನಷ್ಟಕ್ಕೆ ಉರುಳಿ ಗೆರೆ ದಾಟಿತು, ಜನ ನಗುತ್ತಿದ್ದಾರೆ, ಹ್ವಾಯ್ ಯಾರಿಗ್ ಕೊಟ್ದ್ ಪಾಸ್, ದೆವ್ವಕ್ಕಾ. ದೆವ್ವಕ್ಕಲ್ಲ, ನನಗೆ. ಆಟ ಶುರುವಾದಾಗಿನಿಂದ ಅವನು ಹೀಗೇ ಮಾಡುತ್ತಿದ್ದಾನೆ, ನಾನಿಲ್ಲ ಎಂಬುದು ಅವನ ತಲೆಗೆ ಗೊತ್ತು, ಕಾಲಿಗೆ ಗೊತ್ತಾಗಿಲ್ಲ.

ಕಾಲಿಗೆ ಹೇಗೆ ಗೊತ್ತಾಗಬೇಕು, ಏಳು ವರ್ಷದ ಹುಡುಗರಾಗಿದ್ದಾಗಿನಿಂದ ಆಡಿದ ಕಾಲು. ತೊಂಬತ್ತೇಳರಲ್ಲಿ ಭೋಜಣ್ಣ ಮುಂಬಯಿಯ ಹೋಟೆಲು ಬಿಟ್ಟು ಊರಿಗೆ ಬಂದಾಗ ಅವರ ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಗಾಳಿ ತೆಗೆದ ಒಂದು ಫುಟ್‌ಬಾಲು, ಬೈಂದೂರಿನಿಂದ ಕುಂದಾಪುರದವರೆಗೆ ಯಾವ ಗದ್ದೆ ನೋಡಿದರೂ ಟೆನಿಸ್ ಬಾಲಿನ ಕ್ರಿಕೆಟ್ಟು, ಇವರು ಮಾತ್ರ ಕಡಲ ಬದಿಯಲ್ಲಿ ಲುಂಗಿ ಎತ್ತಿ ಕಟ್ಟಿ ನಿಂತು ನಮ್ಮನ್ನು ಕರೆಯುತ್ತಿದ್ದರು, ಬನಿ ಮಕ್ಳೆ, ಕೈ ಮುಟ್ಸುಕಾಗ, ಕಾಲಗೇ ಆಡ್ಕ್. ಮುರಿದ ದೋಣಿಯ ಕಂಬಗಳೇ ಗೋಲು, ಹಿಂದೆ ಹರಿದ ಮೀನಿನ ಬಲೆ. ಚೆಂಡು ಅಲೆಗೆ ಸಿಕ್ಕಿ ಹೋದರೆ ಈಜಿ ತರುವವನು ಸೂರ, ಪಕ್ಕದ ಮನೆಯವನು, ಅವನ ಅಪ್ಪನೂ ನನ್ನ ಅಪ್ಪನೂ ಒಂದೇ ಬೋಟಿನವರು, ಉಪ್ಪುನೀರು ಉಗುಳುತ್ತ ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡು ಬರುತ್ತಿದ್ದ, ನಮ್ಮಮ್ಮ ಗಂಜಿಗೆ ಕರೆದರೆ ನನಗಿಂತ ಮೊದಲು ಅವನೇ ಕೂತಿರುತ್ತಿದ್ದ. ಅವನಿಗೆ ಮುಂದೆ ಹೋಗಿ ಗೋಲು ಹೊಡೆಯುವ ಆಸೆಯೇ ಇರಲಿಲ್ಲ, ನೀ ಓಡ್, ನಾ ಕೊಡ್ತೆ, ಅಷ್ಟೇ ಅವನ ಮಾತು, ಅವನು ಹಿಂದಿನಿಂದ ಕೊಡುವುದು ನಾನು ಎಡಗಡೆ ಓಡುವುದು, ಮರಳಲ್ಲಿ ಓಡಿ ಓಡಿ ನನ್ನ ಕಾಲು ಬೇರೆ ಯಾರಿಗೂ ಇಲ್ಲದ ಕಾಲಾಯಿತು ಎಂದು ಭೋಜಣ್ಣ ಹೇಳುತ್ತಿದ್ದರು, ಆದರೆ ಅದು ನನ್ನ ಕಾಲೊಂದೇ ಅಲ್ಲ, ಸೂರನ ಕಣ್ಣೂ ಸೇರಿತ್ತು, ಅವನು ತಲೆ ಎತ್ತುವಾಗ ನಾನು ಅಲ್ಲಿರುತ್ತಿದ್ದೆ, ನಾನು ಅಲ್ಲಿರುವಾಗ ಅವನು ತಲೆ ಎತ್ತುತ್ತಿದ್ದ, ಯಾವುದು ಮೊದಲು ಎಂದು ನಾವು ಯಾವತ್ತೂ ಕೇಳಿಕೊಂಡವರಲ್ಲ.

ಮತ್ತೆ ವಿಸಿಲ್, ಯಾರೋ ಬಿದ್ದ, ನಮ್ಮವನಾ, ನೇರಳೆಯವನಾ, ಎದ್ದ ಬಿಡು. ಜಿಲ್ಲೆಯ ಕ್ಲಬ್ಬುಗಳೆಲ್ಲ ಸೇರಿ ಲೀಗ್ ಮಾಡದೇ ಇದ್ದಿದ್ದರೆ ಇದು ಯಾವುದೂ ಇರುತ್ತಿರಲಿಲ್ಲ, ಲೀಗ್ ಎಂದ ಮೇಲೆ ಅಗ್ರಿಮೆಂಟು, ಆಟಗಾರರೆಲ್ಲ ಸಹಿ ಹಾಕಬೇಕು, ಭೋಜಣ್ಣ ಇಂಗ್ಲಿಷನ್ನು ಕನ್ನಡ ಮಾಡಿ ಮಾಡಿ ಓದಿದರು, ರಿಲೀಸ್ ಕ್ಲಾಜ್ ಎಂದು ಒಂದು ಷರತ್ತಿತ್ತು, ಬೇರೆ ಯಾವ ಕ್ಲಬ್ಬಾದರೂ ಇಂತಿಷ್ಟು ಎಂದು ಗೊತ್ತುಮಾಡಿದ ಮೊತ್ತ ಕಟ್ಟಿದರೆ ಆಟಗಾರನನ್ನು ನಾವು ತಡೆಯುವಂತಿಲ್ಲ, ನಾವೆಲ್ಲ ಬಿದ್ದು ಬಿದ್ದು ನಕ್ಕೆವು, ಅಷ್ಟು ಕೊಟ್ಟು ನಮ್ಮನ್ನು ಕೊಂಡುಹೋಗುವ ಮರುಳ ಯಾರಿದ್ದಾನೆ. ಇದ್ದರು. ಹೈವೇ ಬದಿಯಲ್ಲಿ ಹೋಟೆಲು, ಕಟ್ಟಡದ ಕೆಲಸ, ಅದರ ಜೊತೆ ಒಂದು ಫುಟ್‌ಬಾಲ್ ಟೀಮೂ ಬೇಕೆಂದು ಆಸೆಪಟ್ಟ ರಾಯಲ್ಸಿನ ಮಾಲೀಕರು, ಕಳೆದ ಸಲ ನನ್ನ ಕಾಲಲ್ಲೇ ಸೋತವರು. ಭೋಜಣ್ಣ ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದರು, ಅಮ್ಮ ಆಗಷ್ಟೇ ಮೀನು ಮಾರ್ಕೆಟಿನಿಂದ ಬಂದು ಬುಟ್ಟಿ ತೊಳೆಯುತ್ತಿದ್ದಳು, ಅವರು ಜಗಲಿಯಲ್ಲಿ ಕೂತು ಚಾ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದರು, ದುಡ್ಡ್ ಕಟ್ಟಿರ್ ಮಗಾ, ಇನ್ ನಂಗೆ ನಿನ್ನ ಹಿಡ್ಕಂಬುಕಾತ್ತಿಲ್ಲೆ, ಹೋಪುದ್ ಬಿಡುದ್ ನಿಂಗೆ ಬಿಟ್ದ್. ಆ ಷರತ್ತು ಕಟ್ಟಿಹಾಕಿದ್ದು ಕ್ಲಬ್ಬನ್ನು, ನನ್ನನ್ನಲ್ಲ, ನಾನು ಒಲ್ಲೆ ಎಂದರೆ ಮುಗಿಯಿತು, ನಾನು ಕಾದೆ, ಹೋಗಬೇಡ ಎಂದು ಒಂದು ಮಾತು, ಲೋಟದ ಕಡೆಗೆ ನೋಡಿಕೊಂಡೇ ಹೇಳಲಿ, ಗದರಿಸಿಯೇ ಹೇಳಲಿ, ಅವರು ಹುಲ್ಲಿನ ಮೈದಾನದ ಬಗ್ಗೆ ಹೇಳಿದರು, ಗಾಯವಾದರೆ ಡಾಕ್ಟರು ಇದ್ದಾರೆ ಎಂದರು, ಮಂಗಳೂರಿನ ದೊಡ್ಡ ಕ್ಲಬ್ಬಿನವರ ಕಣ್ಣಿಗೆ ಬೀಳುತ್ತಿ ಎಂದರು. ಅಮ್ಮ ಬುಟ್ಟಿ ಕವುಚಿಟ್ಟು ಕೇಳಿದ್ದು, ಅಲ್ಲಿ ಉಂಬುಕೆ ಮೀನ್ ಕೊಡ್ತ್ರಾ. ಸೂರನಾದರೂ ಹೇಳುತ್ತಾನೆ ಎಂದು ಓಡಿದೆ, ಅವನು ಬೋಟಿನ ನೆರಳಲ್ಲಿ ಬಲೆ ಹೊಲಿಯುತ್ತಿದ್ದ, ತಲೆ ಎತ್ತಲಿಲ್ಲ, ಹೋಗ್ ಮಾರಾಯಾ, ಇಂಥಾ ಛಾನ್ಸ್ ಮತ್ ಸಿಕ್ಕುದಿಲ್ಲೆ, ನಾನಾರೆ ಕೇಂಬುಕೂ ಬತ್ತಿರ್ಲಿಲ್ಲೆ, ಅವನಾಗಿದ್ದರೆ ಕೇಳಲೂ ಬರುತ್ತಿರಲಿಲ್ಲವಂತೆ. ಎಲ್ಲರೂ ಎಷ್ಟು ಸುಲಭದಲ್ಲಿ ಬಿಟ್ಟುಕೊಟ್ಟರು, ಹಳೇ ಬಲೆ ಕೊಟ್ಟ ಹಾಗೆ, ಆ ಸಿಟ್ಟಿನಲ್ಲೇ ಬಸ್ಸು ಹತ್ತಿದೆ, ಕುಂದಾಪುರದಲ್ಲಿ ಕಂಡಕ್ಟರ್ ಇಳಿಯುವವರನ್ನು ಕೂಗಿದಾಗ ಇಳಿದು ವಾಪಸು ಹೋಗಿಬಿಡೋಣ ಎಂದು ಎದ್ದು ನಿಂತಿದ್ದೆ, ನಿಂತವನು ಮತ್ತೆ ಕೂತೆ, ಯಾರು ಕರೆದಿದ್ದಾರೆ ಎಂದು ಹೋಗುವುದು.

ಇಲ್ಲಿ ಬಂದದ್ದಾದರೂ ಎಂತಕ್ಕೆ, ಒಂದು ಮ್ಯಾಚಿಗೂ ಇಳಿಸಲಿಲ್ಲ, ಪ್ರ್ಯಾಕ್ಟೀಸಿನಲ್ಲಿ ಓಡು ಅಂದರು ಓಡಿದೆ, ಫೋಟೋಕ್ಕೆ ನಿಲ್ಲು ಅಂದರು ನಿಂತೆ, ಮಾಲೀಕರ ಮಗಳ ಹುಟ್ಟುಹಬ್ಬಕ್ಕೆ ಜೆರ್ಸಿ ಹಾಕಿ ಬಾ ಅಂದರು ಹೋದೆ, ಮಳೆಗಾಲ ಮುಗಿಯಿತು, ಚಳಿ ಬಂತು, ನಾನು ಮನೀಷನ ಪಕ್ಕ ಕೂತೇ ಇದ್ದೆ, ಒಂದು ದಿನ ಬಾಳೆಹಣ್ಣು ಸುಲಿಯುತ್ತ ಅವನೇ ಹೇಳಿದ, ಇನ್ನೂ ಗೊತ್ತಾಯ್ಲಿಲ್ಯಾ ನಿಂಗೆ, ನಿನ್ನ ತಂದದ್ದ್ ಆಡ್ಸುಕಲ್ಲ ಮಾರಾಯಾ, ಯಡ್ತರೆಯವ್ರ್ ಆಡ್ಸುಕಾಗ ಅಂದೇಳಿ. ಹಣ್ಣನ್ನು ಮುರಿದು ಅರ್ಧ ನನಗೆ ಕೊಟ್ಟ, ತಿಂದೆ, ಏನು ತಿಂದೆ ಎಂದು ಗೊತ್ತಾಗಲಿಲ್ಲ. ರತೀಶ್. ಕರೆದದ್ದು ಯಾರು, ಕೋಚ್, ನನ್ನನ್ನೇ, ಬಲಗಡೆಯ ಹುಡುಗ ಮೊಣಕಾಲು ಹಿಡಿದುಕೊಂಡು ಕುಂಟುತ್ತ ಹೊರಗೆ ಬರುತ್ತಿದ್ದಾನೆ, ರತೀಶ್, ಏಳು, ಬಲಗಡೆ ನಿಲ್ಲು, ಗೋಲು ಹೊಡೆಯಲು ಹೋಗಬೇಡ, ಅವರ ಎಡಗಡೆಯಿಂದ ಪಾಸು ಕೊಡುವ ಆ ಸೂರನನ್ನು ಹಿಡಿದಿಟ್ಟುಕೋ ಸಾಕು, ಅವನ ಆಟ ನಿನಗೆ ಗೊತ್ತಲ್ಲ. ಗೊತ್ತು. ನನಗಲ್ಲದೆ ಇನ್ನಾರಿಗೆ ಗೊತ್ತು. ಇಷ್ಟು ದಿನ ಇದಕ್ಕೇ ಕಾದದ್ದಲ್ಲವಾ, ಹುಲ್ಲು ಮೆತ್ತಗೆ, ಬೂಟಿನ ಮುಳ್ಳು ಕಚ್ಚಿಕೊಳ್ಳುತ್ತಿದೆ, ಎದುರು ಬದಿಯಲ್ಲಿ ಭೋಜಣ್ಣ ಎದ್ದು ನಿಂತರು, ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡರು, ಯಡ್ತರೆಯಿಂದ ಬಸ್ಸು ಮಾಡಿಕೊಂಡು ಬಂದ ಜನ ಕೂಗಲಿಲ್ಲ, ಬೈಯಲೂ ಇಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸೂರನ ಹತ್ತಿರ ಹೋಗಿ ನಿಂತೆ, ಅವನ ಮೈಯ ಅದೇ ಬೆವರಿನ ವಾಸನೆ, ಉಪ್ಪು, ಡೀಸೆಲ್ಲು, ಬಂದ್ಯಾ ಎಂದ, ಬಂದೆ ಎಂದೆ, ಆಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಎಷ್ಟು ಹೊತ್ತು ಹಾಗೆ ಆಡಿದೆ, ಅವನನ್ನು ಹಿಡಿದೆ, ಒಮ್ಮೆ ಭುಜಕ್ಕೆ ಭುಜ ತಾಗಿತು, ಒಮ್ಮೆ ಅವನ ಕಾಲಿನಿಂದ ಚೆಂಡು ಕಿತ್ತು ಹೊರಗೆ ಹಾಕಿದೆ, ಕೋಚ್ ಚಪ್ಪಾಳೆ ತಟ್ಟಿದರು, ಮೈ ಬಿಸಿಯಾಗುತ್ತ ಬಂತು, ಉಸಿರು ತನ್ನ ದಾರಿ ಹಿಡಿಯಿತು, ಓಡುವುದೊಂದೇ ಉಳಿದಿತ್ತು, ಯಾರೋ ಚೆಂಡನ್ನು ಎತ್ತಿ ಬಾರಿಸಿದರು, ಅದು ಆಕಾಶದಿಂದ ಸೂರನ ಎದೆಗೆ ಬಂದು ಕಾಲಿಗೆ ಇಳಿಯಿತು, ನಾನು ಹಿಂದೆ ಸರಿಯುತ್ತ ಸರಿಯುತ್ತ ಗೆರೆಯ ಬದಿಗೆ ಬಂದಿದ್ದೆ, ಅವನು ತಲೆ ಎತ್ತಿದ, ನಾನು ಅಲ್ಲಿದ್ದೆ. ಕೊಟ್ಟ. ನೂಲು ಎಳೆದ ಹಾಗೆ ನೇರ ನನ್ನ ಎಡಗಾಲಿಗೆ, ಅವನು ಅಂಗಿಯ ಬಣ್ಣ ನೋಡಲಿಲ್ಲ, ನಾನೂ ನೋಡಿಕೊಳ್ಳಲಿಲ್ಲ, ಕಾಲು ಓಡಿತು, ಮರಳಲ್ಲಿ ಓಡುತ್ತಿದ್ದ ಕಡೆಗೇ ಓಡಿತು, ಕಿವಿಯಲ್ಲಿ ಗಾಳಿ, ಸಮುದ್ರ ಎಡಕ್ಕಿದೆ ಎಂದೇ ಅನಿಸುತ್ತಿತ್ತು, ನೇರಳೆಯವರು ಯಾರೂ ಅಡ್ಡ ಬರಲಿಲ್ಲ, ಎಂತಕ್ಕೆ ಬರುತ್ತಾರೆ, ನಾನು ಅವರವನು, ಚೆಂಡನ್ನು ರಾಯಲ್ಸಿನ ಗೋಲ್‌ಕೀಪರಿಗೆ ಹಿಂದಕ್ಕೆ ಕೊಡುತ್ತೇನೆ ಎಂದುಕೊಂಡರು, ಗೋಲ್‌ಕೀಪರ್ ಕೂಡ ಚೆಂಡು ಇಸಿದುಕೊಳ್ಳಲು ಬದಿಗೆ ಸರಿದು ಕಾಲು ಚಾಚಿದ, ದೂರದ ಕಂಬದ ಬದಿ ಪೂರ್ತಿ ಖಾಲಿ, ಎಡಗಾಲು ಬೀಸಿತು, ಎಂಥ ಹೊಡೆತ, ಹೊಡೆದ ಕಾಲಿಗೆ ಭಾರವೇ ತಿಳಿಯದ ಹೊಡೆತ, ಬಲೆ ಉಬ್ಬಿತು. ಖುಷಿಯಾಯಿತು. ಹೌದು, ಆಯಿತು, ಒಂದು ಚಣ ಎದೆಯೊಳಗೆ ಬೆಳಕು ಹೊತ್ತಿದ ಹಾಗೆ, ಇಡೀ ಸೀಸನ್ನಿನಲ್ಲಿ ಆಗದ ಖುಷಿ, ಪ್ರತಿ ಸಲದ ಹಾಗೆ ತಿರುಗಿ ಸೂರನನ್ನು ಹುಡುಕಿದೆ, ಅವನು ಎರಡೂ ಕೈ ಮೇಲೆತ್ತುತ್ತಿದ್ದ, ಬಾಯಿ ತೆರೆದಿತ್ತು, ಕೂಗುವವನಿದ್ದ, ಕೈಗಳು ಹೆಗಲಿನವರೆಗೆ ಬಂದವು, ಅಲ್ಲೇ ನಿಂತವು.

ಆಮೇಲೆ ಸದ್ದು ಬಂತು, ಎಲ್ಲ ಒಟ್ಟಿಗೆ, ರೆಫ್ರಿಯ ವಿಸಿಲ್, ನೇರಳೆಯವನೊಬ್ಬ ನನ್ನ ಕುತ್ತಿಗೆಪಟ್ಟಿ ಹಿಡಿದದ್ದು, ಮಾಲೀಕರು ಕುರ್ಚಿ ಒದ್ದದ್ದು, ಕೋಚ್ ನನ್ನನ್ನು ಹೊರಗೆ ಎಳೆದುಕೊಂಡು ಮೆಲ್ಲನೆ ಕೇಳಿದರು, ಯಾರ ಹತ್ತಿರ ದುಡ್ಡು ತಗೊಂಡೆ, ಎಷ್ಟು ತಗೊಂಡೆ. ಮತ್ತೆ ಅದೇ ಬೆಂಚು. ಮನೀಷ ಸ್ವಲ್ಪ ದೂರ ಸರಿದು ಕೂತ. ಆ ಸೆಲ್ಫ್ ಗೋಲಿನಲ್ಲೇ ಯಡ್ತರೆ ಫ್ರೆಂಡ್ಸ್ ಗೆದ್ದರು, ಲೀಗಿನ ಕಪ್ ಮೊದಲ ಸಲ, ಯಾರೂ ಕುಣಿಯಲಿಲ್ಲ, ತಂದ ಪಟಾಕಿ ಬಸ್ಸಿನಲ್ಲೇ ಉಳಿಯಿತು, ಭೋಜಣ್ಣ ಕಪ್ಪನ್ನು ಮಗು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದರು, ನೋಡಿ ನೆಲ ನೋಡಿದರು. ಸೂರ ಬಂದ. ಬೇಕಂದೇಳಿಯೇ ಹೊಡ್ದ್ಯಾ. ಇಲ್ಲ ಎನ್ನಬೇಕಿತ್ತು, ಹೌದು ಎನ್ನಬೇಕಿತ್ತು, ಯಾವುದು ನಿಜ, ಕಾಲನ್ನು ಕೇಳಿದರೆ ಕಾಲು ಹೇಳುವುದಿಲ್ಲ, ನೀನೇ ಕೊಟ್ದ್ ಅಲ್ದಾ ಎಂದೆ. ನೀ ಅಲ್ಲಿದ್ದೆ, ಕೊಟ್ಟೆ ಎಂದ. ಹೊರಟವನು ತಿರುಗದೆ ನಿಂತು ಹೇಳಿದ, ಅವತ್ತ್ ನಾ ಹೋಗ್ ಅಂದೆ, ಹೌದ್, ನೀ ಹೋತಿಲ್ಲೆ ಅಂದೇಳಿ ಅಂದ್ಕಂಡಿದ್ದೆ ಮಾರಾಯಾ, ನನ್ನೊಟ್ಟಿಗೆ ಬಲೆ ಹೊಲೂಕೆ ಕೂಕಂತೆ ಅಂದೇಳಿ ಗ್ರೇಶಿದ್ದೆ. ಹೋದ. ಬಸ್ಸು ಸ್ಟಾರ್ಟಾಗಿದೆ, ನಾನೂ ಹತ್ತಬಹುದು, ಹತ್ತಿದರೆ ಯಾರೂ ಇಳಿ ಎನ್ನುವುದಿಲ್ಲ, ಅದೇ ಹೆದರಿಕೆ, ಈ ಕ್ಲಬ್ಬು ನಾಳೆ ನನ್ನನ್ನು ಹೊರಗೆ ಹಾಕುತ್ತದೆ, ಹಾಕಲಿ, ಲೀಗಿನವರು ವಿಚಾರಣೆಗೆ ಕರೆಯುತ್ತಾರೆ, ಏನು ಹೇಳಲಿ, ಕಾಲು ತಾನಾಗಿ ಹೋಯಿತು ಎಂದು ಹೇಳಲಾ, ಅಮ್ಮನಿಗೆ ಫೋನ್ ಮಾಡಬೇಕು, ಊಟಕ್ಕೆ ಬರುತ್ತೇನೆ ಎಂದು, ಎಂತ ಗೆದ್ರಾ ಎಂದು ಕೇಳುತ್ತಾಳೆ, ಗೆದ್ದವರು ಯಾರು ಎಂದು ಹೇಳಲಿ — ಅವನ ಕೈ ಹೆಗಲಿನವರೆಗೆ ಬಂದು ನಿಂತಿತ್ತು — ಬೂಟು ಬಿಚ್ಚಬೇಕು, ಲೇಸು ಗಂಟಾಗಿದೆ, ಬೆರಳಿಗೆ ಸಿಗುತ್ತಿಲ್ಲ, ಇನ್ನೂ ಸ್ವಲ್ಪ ಎತ್ತಿದ್ದರೆ ತಲೆಗಿಂತ ಮೇಲೆ ಹೋಗುತ್ತಿತ್ತು, ಯಾವತ್ತೂ ಹೋಗುತ್ತಿದ್ದ ಹಾಗೆ, ಬಸ್ಸು ಹಾರ್ನ್ ಹೊಡೆಯುತ್ತಿದೆ, ಏಳಬೇಕು, ಏಳುತ್ತೇನೆ, ಅಂಗೈಗಳು ನನ್ನ ಕಡೆಗೇ ತೆರೆದಿದ್ದವು, ಬಲೆಯ ನೂಲು ಕೊಯ್ದ ಕೆಂಪು ಗೆರೆಗಳು ಅಷ್ಟು ದೂರಕ್ಕೂ ಕಂಡವು, ಮೇಲೆ ಹೋಗಲಿಲ್ಲ, ಕೆಳಗೆ ಇಳಿಯಲಿಲ್ಲ, ಹೆಗಲಿನ ಹತ್ತಿರ, ಗಾಳಿಯಲ್ಲಿ, ಸೂರನ ಎರಡು ಕೈ