ಒಂದು ಚೊಂಬು ಅಂಬಲಿ

ಜೂರಿಗೆ ನನ್ನ ಹೆಸರು ಬಂದಿದೆ ಎಂದು ಕಚೇರಿಯಿಂದ ಚೀಟಿ ಬಂದಾಗ ನಾನು ಮೀಸೆ ತಿರುವಿದ್ದು ನಿಜ. ಈಗ ಬಂಗಾರಪೇಟೆ ಎನ್ನುವ ಆಗಿನ ಬೌರಿಂಗ್‌ಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟುಕೊಂಡಿದ್ದ ಸೀನಪ್ಪನಿಗೆ ಜಡ್ಜರ ಪಕ್ಕದಲ್ಲಿ ಕುರ್ಚಿ ಅಂದರೆ ಸಣ್ಣ ಮಾತೇ?

ಮೊಕದ್ದಮೆಯ ವಿಷಯ ಸುತ್ತಮುತ್ತಲ ಊರಿಗೆಲ್ಲ ಗೊತ್ತಿತ್ತು. ಚಿನ್ನದ ಗಣಿಯ ಕೂಲಿಗಳು ಕೆಲಸ ನಿಲ್ಲಿಸಿದ್ದ ದಿನ ಆಂಡರ್ಸನ್‌ಪೇಟೆಯಲ್ಲಿ ಪೊಲೀಸರು ಲಾಠಿ ಬೀಸಿದ್ದರು. ಆರುಮುಗಂ ಎಂಬ ಕೂಲಿ ಸತ್ತ. ಹೊಡೆದ ದಫೇದಾರನ ಮೇಲೆ ಕೊಲೆಯ ಆಪಾದನೆ. 'ಅವನು ಹಾರೆ ಹಿಡಿದು ಮೈಮೇಲೆ ಬಂದ, ಪ್ರಾಣ ಉಳಿಸಿಕೊಳ್ಳೋಕೆ ಹೊಡೆದೆ' ಎಂದು ದಫೇದಾರನ ಹೇಳಿಕೆ. ಸಾಕ್ಷಿಗಳು ಬಹಳ ಜನ ಇದ್ದದ್ದರಿಂದ ಸೆಷನ್ಸ್ ಜಡ್ಜರು ಕೋಲಾರದಿಂದ ಬಂದು ನಮ್ಮೂರಿನಲ್ಲೇ ಕೂತರು.

ಜೂರಿಯಲ್ಲಿ ಐದು ಜನ. ನಾನು, ಆಂಡರ್ಸನ್‌ಪೇಟೆಯ ಸ್ಕೂಲು ಮೇಷ್ಟ್ರು ಪೆರುಮಾಳ್, ಕ್ಯಾಸಂಬಳ್ಳಿಯ ರೈತ ಸೊಣ್ಣಪ್ಪ, ಜೊತೆಗೆ ಇಬ್ಬರು ಜವಳಿ ವ್ಯಾಪಾರಿಗಳು. 'ಎರಡು ಕಡೆಯವರಲ್ಲಿ ಯಾರ ಜೊತೆಯಾದರೂ ನೆಂಟಸ್ತನ, ಕೊಡುಕೊಳ್ಳುವುದು ಉಂಟೇ?' ಎಂದು ಗುಮಾಸ್ತ ಒಬ್ಬೊಬ್ಬರನ್ನೇ ಕೇಳಿದ. ಎಲ್ಲರೂ ಇಲ್ಲ ಎಂದೆವು. ಸೊಣ್ಣಪ್ಪನೂ ಇಲ್ಲ ಎಂದ.

ತೀರ್ಪು ಆಗುವ ತನಕ ಊರಿನವನಾದ ನಾನೂ ಮನೆಗೆ ಹೋಗುವಂತಿರಲಿಲ್ಲ; ನಮ್ಮನ್ನು ಇಳಿಸಿದ್ದು ಸ್ಟೇಷನ್ ಹತ್ತಿರದ ಛತ್ರದಲ್ಲಿ. ಎರಡು ಹೊತ್ತೂ ಎದುರಿನ ಹೋಟೆಲಿನಿಂದ ಊಟ ಬರುತ್ತಿತ್ತು. ಮೊದಲ ದಿನವೇ ಹೋಳಿಗೆ! ಆ ಹೋಟೆಲು ದಫೇದಾರನ ಭಾವಮೈದುನನದು ಎಂದು ನಮ್ಮೂರಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. 'ಸರ್ಕಾರದ ಊಟ, ಬಿಡಿ' ಅಂದುಕೊಂಡು ಎರಡನೇ ಹೋಳಿಗೆಗೂ ಕೈಚಾಚಿದೆ. ಸೊಣ್ಣಪ್ಪ ಮಾತ್ರ ಎಲೆ ಮುಂದೆ ಕೂರಲಿಲ್ಲ. ಬಟ್ಟೆಯಲ್ಲಿ ಕಟ್ಟಿ ತಂದಿದ್ದ ಹುರಿಹಿಟ್ಟನ್ನು ನೀರಲ್ಲಿ ಕಲಸಿಕೊಂಡು ತಿಂದ.

"ಯಾಕ್ಲಾ, ನಮ್ಮೂರ ಊಟ ಸೇರಲ್ವಾ?" ಎಂದು ಛೇಡಿಸಿದೆ.

"ಯಾರ ಉಪ್ಪೋ ಏನೋ ಅಣ್ಣ. ತೀರ್ಪು ಯೋಳೋಗಂಟ ಬ್ಯಾಡ."

ಎರಡನೇ ದಿನ ಡಾಕ್ಟರು ಗಾಯದ ಲೆಕ್ಕ ಒಪ್ಪಿಸಿ ಕಟಕಟೆಯಿಂದ ಇಳಿಯುವುದರಲ್ಲಿದ್ದರು. ಸೊಣ್ಣಪ್ಪ ಎದ್ದು ನಿಂತು ಕೈಮುಗಿದ. "ಬುದ್ಧಿ, ಒಂದು ಮಾತು. ಎದುರಿಗೆ ಬಂದೋನಿಗೆ ತಲೆ ಇಂದ್ಗಡೆ ಎಂಗೆ ಏಟು ಬಿತ್ತು?" ಜಡ್ಜರು ಅದನ್ನೇ ಡಾಕ್ಟರಿಗೆ ಕೇಳಿದರು. ಡಾಕ್ಟರು, "ಬೆನ್ನು ತಿರುಗಿಸಿ ಓಡುವವನಿಗೆ ಬಿದ್ದ ಏಟಿನ ಹಾಗಿದೆ" ಎಂದರು. ದಫೇದಾರನ ಮುಖ ಸುಣ್ಣವಾಯಿತು. ಆ ಸಂಜೆ ಛತ್ರದಲ್ಲಿ ಪೆರುಮಾಳ್ ಮೇಷ್ಟ್ರು, "ಇದು ಆತ್ಮರಕ್ಷಣೆ ಅಲ್ಲ, ಕೊಲೆಯೇ" ಎಂದರು. ಸೊಣ್ಣಪ್ಪ ಹೂಂ ಎಂದ. ನಾನೂ ತಲೆಯಾಡಿಸಿದೆ. ಐವರಲ್ಲಿ ಮೂವರಾದೆವು. ಸೊಣ್ಣಪ್ಪ ಪಕ್ಕದಲ್ಲಿದ್ದರೆ ನನಗೂ ಸ್ವಲ್ಪ ಧೈರ್ಯ ಬರುತ್ತಿತ್ತು.

ಮೂರನೇ ದಿನ ಸತ್ತವನ ಹೆಂಡತಿ ಪಾಪಕ್ಕ ಸಾಕ್ಷಿಗೆ ಬಂದಳು. ಅವಳನ್ನು ಕಂಡದ್ದೇ ಸೊಣ್ಣಪ್ಪ ಕುರ್ಚಿಯಲ್ಲಿ ಕುಗ್ಗಿಹೋದ. ಮಧ್ಯಾಹ್ನ ಹುರಿಹಿಟ್ಟಿನ ಗಂಟನ್ನೂ ಬಿಚ್ಚಲಿಲ್ಲ. ಏನೆಂದು ಕೇಳಿದೆ.

"ಈ ಜೂರಿಗೆ ಅಂತ ಕ್ಯಾಸಂಬಳ್ಳಿಯಿಂದ ನಡ್ಕೊಂಡು ಬತ್ತಾ ಇದ್ದೆ ಅಣ್ಣ. ಆಂಡರ್ಸನ್‌ಪೇಟೆ ಅತ್ರ ಬಿಸ್ಲಿಗೆ ಕಣ್ಣು ಕತ್ಲೆ ಬಂತು. ಕೂಲಿ ಲೈನಿನ ಗುಡಿಸಲ ಮುಂದೆ ನೀರು ಕೇಳ್ದೆ. 'ನಮ್ಮನೇದು ಕುಡೀತೀರಾ ಸಾಮಿ?' ಅಂದ್ಳು. ಕೊಡು ತಾಯಿ ಅಂದೆ. ಒಂದು ಚೊಂಬು ಅಂಬ್ಲಿ ಕೊಟ್ಳು. ಈಯಮ್ಮನೇ ಅದು."

"ಅಂಬಲಿ ತಾನೇ? ಬಾಯಿ ಮುಚ್ಕೊಂಡು ಕೂತ್ಕೊ. ಲೈನಿನ ಗುಡಿಸಲಲ್ಲಿ ಕುಡಿದೆ ಅಂತ ಗೊತ್ತಾದರೆ ನಿನ್ನನ್ನ ಊರೊಳಕ್ಕೆ ಸೇರಿಸ್ತಾರಾ?"

"ಊರು ಓಗ್ಲಿ ಬಿಡಣ್ಣ. ಅಂಬ್ಲಿಗೆ ಉಪ್ಪಿತ್ತು. ಉಪ್ಪು ತಿಂದ ಮನೆಗೆ ಎರಡು ಬಗ್ಯಾಕಾಗಲ್ಲ. ನಾಳೆ ಆ ದಫೇದಾರ ತಪ್ಪು ಮಾಡವ್ನೆ ಅಂದ್ರೆ, ಅಂಗೆ ಅನ್ನೋದು ನ್ಯಾಯಾನೋ ಆ ಉಪ್ಪೋ ನಂಗೇ ಗೊತ್ತಾಗಲ್ಲ."

ನನ್ನ ಹೊಟ್ಟೆಯಲ್ಲಿ ಐದು ಊಟದ ಉಪ್ಪಿತ್ತು. ಅದು ನನ್ನನ್ನು ಒಂದು ದಿನವೂ ಕಚ್ಚಿರಲಿಲ್ಲ. ಅವನ ಮೇಲೆ ಸಿಟ್ಟು ಬಂತು, ಈಗಲೂ ಬರುತ್ತದೆ. ಪ್ರಾಮಾಣಿಕತೆ ಇರಬೇಕು, ಇಷ್ಟೊಂದು ಇರಬಾರದು.

ಊಟವಾಗಿ ಕೋರ್ಟು ಮತ್ತೆ ಕೂಡಿದ ಕೂಡಲೇ ಸೊಣ್ಣಪ್ಪ ಎದ್ದು, ತುಂಬಿದ ಸಭೆಯಲ್ಲಿ ಎಲ್ಲವನ್ನೂ ಹೇಳಿಬಿಟ್ಟ. ಜವಳಿಯವರಿಬ್ಬರೂ ಕುರ್ಚಿ ದೂರ ಸರಿಸಿಕೊಂಡರು. ಜಡ್ಜರು ಕನ್ನಡಕ ತೆಗೆದು, "ನಿಮ್ಮಂಥವರು ಅಪರೂಪ" ಎಂದು ಹೊಗಳಿ ಅವನನ್ನು ಜೂರಿಯಿಂದ ಬಿಡಿಸಿದರು. ಅವನ ಜಾಗಕ್ಕೆ ಪಟ್ಟಿಯಿಂದ ಕೋದಂಡಪ್ಪನ ಹೆಸರು ಕೂಗಿದರು. ಪೊಲೀಸರ ಕುದುರೆಗಳಿಗೆ ಹುಲ್ಲು ಹಾಕುವ ಕಂಟ್ರಾಕ್ಟು ಅವನದು. ಕೊಡುಕೊಳ್ಳುವುದು ಉಂಟೇ ಎಂದು ಗುಮಾಸ್ತ ಕೇಳಿದ. ಕೋದಂಡಪ್ಪ ಇಲ್ಲ ಎಂದ, ಕೂತ. ಆ ರಾತ್ರಿ ನಮ್ಮ ಜೊತೆ ಹೋಳಿಗೆ ತಿಂದ.

ಹೊಸಬ ಬಂದದ್ದರಿಂದ ಹಿಂದಿನ ಸಾಕ್ಷಿಯೆಲ್ಲ ಲೆಕ್ಕಕ್ಕಿಲ್ಲವೆಂದು ವಿಚಾರಣೆ ಮತ್ತೆ ಮೊದಲಿನಿಂದ ಶುರುವಾಯಿತು. ಗಂಡ ಸತ್ತದ್ದನ್ನು ಪಾಪಕ್ಕ ಎರಡನೇ ಸಲ ಹೇಳಿದಳು. ಡಾಕ್ಟರು ಗಾಯದ ಲೆಕ್ಕವನ್ನು ಎರಡನೇ ಸಲ ಒಪ್ಪಿಸಿದರು. ಏಟು ತಲೆಯ ಹಿಂಭಾಗಕ್ಕೆ ಹೇಗೆ ಬಿತ್ತು ಎಂದು ಈ ಸಲ ಯಾರೂ ಕೇಳಲಿಲ್ಲ. ಪೆರುಮಾಳ್ ಮೇಷ್ಟ್ರು ಜ್ವರ ಹಿಡಿದು ಕೂತಲ್ಲೇ ತೂಗುತ್ತಿದ್ದರು. ಪ್ರಶ್ನೆ ನನ್ನ ನಾಲಗೆಯ ತುದಿಯಲ್ಲಿತ್ತು. ಜೂರಿಯ ಎದುರಿಗೇ ಇನ್ಸ್‌ಪೆಕ್ಟರು ಕೂತಿದ್ದರು. ನನಗೆ ಭಯವಾಯಿತು, ನುಂಗಿಕೊಂಡೆ.

ಕೊನೆಗೆ ನಾಲ್ವರು ನಿರ್ದೋಷಿ ಎಂದೆವು. ಆ ನಾಲ್ವರಲ್ಲಿ ನಾನೊಬ್ಬ. ದಫೇದಾರ ಪೇಟ ಸರಿಮಾಡಿಕೊಂಡು ಮನೆಗೆ ಹೋದ.

ತೀರ್ಪು ಕೇಳಲು ಸೊಣ್ಣಪ್ಪ ಕ್ಯಾಸಂಬಳ್ಳಿಯಿಂದ ಬಂದಿದ್ದ. ಆ ಅಂಬಲಿಗಾಗಿ ಊರಿನವರು ಅವನು ಬಾವಿಯ ನೀರು ಮುಟ್ಟದಂತೆ ಕಟ್ಟು ಮಾಡಿದ್ದರಂತೆ. ಕೋರ್ಟಿನ ಹೊರಗೆ ಹುಣಸೆಮರದ ಕೆಳಗೆ ಪಾಪಕ್ಕ ಒಬ್ಬಳೇ ಕೂತಿದ್ದಳು. ಅವನು ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತ. ಮಾತು ಕೇಳಿಸುವಷ್ಟು ದೂರದಲ್ಲಿ ನಾನಿದ್ದೆ.

"ತಪ್ಪಾಯ್ತು ತಾಯಿ. ನಿನ್ನ ಉಪ್ಪು ತಿಂದಿದ್ದೆ. ಅದಕ್ಕೆ ಜೂರಿಯಿಂದ ಎದ್ದುಬಿಟ್ಟೆ."

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಬೈಯಲಿಲ್ಲ, ಅಳಲೂ ಇಲ್ಲ.

"ಅವತ್ತು ನಾನು ಬರೀ ನೀರು ಕೊಟ್ಟಿದ್ರೆ ಆಗ್ತಿತ್ತಾ ಸಾಮಿ?" ಎಂದು ಕೇಳಿದಳು.

ತಪ್ಪು ನಿನ್ನ ಉಪ್ಪಿನದಲ್ಲಮ್ಮ, ನಮ್ಮ ಹೋಳಿಗೆಯದು ಎಂದು ಅವಳಿಗೆ ನಾನು ಹೇಳಬಹುದಿತ್ತು. ಹೇಳದೆ, ಮಂಡಿಯ ಕಡೆ ನಡೆದುಬಿಟ್ಟೆ.