ಕತ್ತಲ ಪಕ್ಷದ ಸಾಳೆ

ಸೆರಗಿನ ತುದಿ ಮೂಗಿಗೇರಿತು ನೋಡು, ಹೋಗು ತಾಯಿ ಹೋಗು, ಆ ಮೂಗನ್ನೇ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗು, ಕಳೆದ ಭಾನುವಾರ ಇದೇ ಮೂಗು ಇದೇ ಹಲಗೆಯ ಮೇಲೆ ಬಗ್ಗಿ, ಕಿವಿರು ಎತ್ತಿ ಮೂಸಿ, ಇನ್ನೊಂದು ಮೀನು ಕೊಸರು ಹಾಕು ತಿಲಗವತಿ ಎಂದು ಗೋಗರೆದಿತ್ತು, ಇವತ್ತು ಆಡಿ ತಿಂಗಳ ಅಮಾವಾಸ್ಯೆ, ಸತ್ತ ಹಿರಿಯರಿಗೆ ಎಡೆ ಇಡುವ ದಿನ, ಉತ್ತಮಪಾಳಯಂನ ಬೀದಿಗೆ ಬೀದಿಯೇ ಮಡಿ, ತಲೆಗೆ ನೀರು ಹೊಯ್ದುಕೊಂಡು ಎಲೆಯ ತುದಿಗೆ ಅನ್ನವಿಟ್ಟು ಕಾಗೆ ಕರೆಯುತ್ತಿದ್ದಾರೆ, ಪಂಚಾಂಗ ಗೊತ್ತಿಲ್ಲದ್ದು ಬೆಕ್ಕಿಗೊಂದೇ, ಅದು ಮಾತ್ರ ನನ್ನ ಕಾಲು ಸುತ್ತುತ್ತಿದೆ. ಐಸು ಕರಗಿ ಮೋರಿಗೆ ಹರಿಯುತ್ತಿದೆ, ಪೆಟ್ಟಿಗೆ ತುಂಬ ಸಾಳೆ ಮೀನು, ಬೆನ್ನು ನೀಲಿ, ಹೊಟ್ಟೆ ಬೆಳ್ಳಿ, ಕಣ್ಣು ಇನ್ನೂ ಮಂಕಾಗಿಲ್ಲ, ಬೆರಳಿಂದ ಒತ್ತಿದರೆ ಪುಟಿಯುತ್ತದೆ, ಕೊಬ್ಬು ಎಂದರೆ ಎಣ್ಣೆ ಹಾಕದೆಯೇ ಕಾವಲಿಯ ಮೇಲೆ ಬೇಯುವಷ್ಟು ಕೊಬ್ಬು, ಇಂಥ ಮೀನು ಬರುವುದು ಕತ್ತಲ ರಾತ್ರಿಗಳಲ್ಲಿ, ಕತ್ತಲು ತುಂಬಿದ ದಿನವೇ ಈ ಊರು ಬಾಯಿ ಹೊಲಿದುಕೊಂಡು ಕೂರುತ್ತದೆ, ಕಡಲು ಕೊಡುವ ದಿನ ಇವರು ತಿನ್ನುವುದಿಲ್ಲ, ಇವರು ತಿನ್ನುವ ದಿನ ಕಡಲು ಕೊಡುವುದಿಲ್ಲ, ನಡುವೆ ನಾನು, ಎರಡು ಕಡೆಯಿಂದಲೂ ಬೈಸಿಕೊಳ್ಳುವುದಕ್ಕೆ. ಬೈಯಲಿ, ಇವತ್ತು ನಾನು ವ್ಯಾಪಾರಕ್ಕೆ ಕೂತಿಲ್ಲ. ಒಳಗೆ ಒಲೆಯ ಮೇಲೆ ಕೊಳಂಬು, ಸಾಳೆಯ ಹುಳಿಸಾರು, ಕುದಿಯುತ್ತಿದೆ, ಅವ್ವನಿಗೆ.

ಅವ್ವ, ನನ್ನ ಹೆತ್ತ ತಂಗಮ್ಮಾಳ್, ಹನುಮಂತನಪಟ್ಟಿಯಲ್ಲಿ ಅಣ್ಣನ ಮನೆಯಲ್ಲಿ ಮಂಚ ಹಿಡಿದಿದ್ದಾಳೆ, ಅಣ್ಣ ಪ್ರಭಾಕರನ್ ದ್ರಾಕ್ಷಿ ಚಪ್ಪರದ ದೊಡ್ಡ ಮನುಷ್ಯ, ಅವನ ಹೆಂಡತಿ ಜೆಯಂತಿ ಅದಕ್ಕಿಂತ ದೊಡ್ಡ ಮನುಷ್ಯಳು, ಒಕ್ಕಲು ಮನೇಲಿ ಹುಟ್ಟಿ ಮೀನು ಕುಯ್ಯಕ್ಕೆ ಕೂತವಳೆ ಎಂದು ನನ್ನ ಮದುವೆಯಾದ ವರ್ಷದಿಂದ ನನ್ನ ಕಿವಿಗೆ ಬೀಳುವ ಹಾಗೆಯೇ ಅನ್ನುತ್ತಾ ಬಂದವಳು, ಕೂತಿದ್ದೇನೆ, ಹೌದು, ಗಂಡ ಸುಂದರ್ ತೂತ್ತುಕುಡಿಯಿಂದ ವ್ಯಾನು ಓಡಿಸಿಕೊಂಡು ಪೆಟ್ಟಿಗೆ ತರುತ್ತಾನೆ, ನಾನು ಕುಯ್ದು ಮಾರುತ್ತೇನೆ, ಯಾರ ಮನೆಯ ಮುಂದೆ ಕೈ ಚಾಚಿದೆ? ಹುಣ್ಣಿಮೆಯ ಹಿಂದಿನ ದಿನ ನೋಡಲು ಹೋದಾಗ ಅವ್ವ ಹಿತ್ತಲಲ್ಲಿ ಹಗ್ಗದ ಮಂಚದ ಮೇಲೆ ಮಲಗಿದ್ದಳು, ಎದುರು ಬೆಟ್ಟದ ಮೇಲೆ ಚಂದ್ರ ಆಗಲೇ ಕೊಪ್ಪರಿಗೆಯಷ್ಟಾಗಿದ್ದ, ನನ್ನ ಕೈ ಹಿಡಿದಳು, ಕೈಯೆಲ್ಲಿ, ಬರೀ ಮೂಳೆ, ತಿಲಗಾ, ಬಾಯೆಲ್ಲ ಗಂಜಿ ಗಂಜಿ ಅಂತದೆ ಕಣೆ, ಒಂದು ದಪ ಸಾಳೆ ಮೀನು ಕೊಳಂಬು ತಿನ್ನಂಗಾಗದೆ, ಪುಳಿ ತೂಕವಾಗಿ ಹಾಕಿ ತಾರೆ. ಎಷ್ಟು ವರ್ಷದಲ್ಲಿ ಅವ್ವ ನನ್ನನ್ನು ಏನಾದರೂ ಕೇಳಿದ್ದಾಳೆ? ನಾನು ತಲೆಯೆತ್ತಿ ನೋಡಿದೆ, ಚಂದ್ರನ ಸುತ್ತ ಅಗಲವಾಗಿ ಗುಡಿ ಕಟ್ಟಿತ್ತು, ನಕ್ಷತ್ರಗಳು ಗಾಳಿಗಿಟ್ಟ ದೀಪದ ಹಾಗೆ ಪಟಪಟ ಅನ್ನುತ್ತಿದ್ದವು, ಇಲ್ಲ ಅವ್ವ, ಈಗ ಕಡಲಲ್ಲಿ ಏನೂ ಇಲ್ಲ, ಈ ಬೆಳಕು ಕರಗಲಿ, ಕತ್ತಲು ಬರಲಿ, ಬೆಣ್ಣೆಯಂಥ ಸಾಳೆ ತರುತ್ತೇನೆ, ತಡೆದುಕೋ ಅಂದೆ. ಸರಿ ಕಣೆ ಅಂದಳು, ಚಂದ್ರನನ್ನು ನೋಡಿದಳು, ಬೇಗ ಕರಗ್ತಾನಾ ಅಂದಳು.

ಮತ್ತೆ ನಾನೇನು ಸುಳ್ಳು ಹೇಳಿದೆನಾ, ಮುತ್ತಮ್ಮಾಳ್‌ಳನ್ನು ಕೇಳಿ ಬೇಕಾದರೆ, ತೂತ್ತುಕುಡಿ ದಂಡೆಯಲ್ಲಿ ಹರಾಜು ಹಿಡಿದು ನನಗೆ ಪೆಟ್ಟಿಗೆ ಕಟ್ಟುವ ಮುದುಕಿ, ಬಾಯಿ ತೆರೆದರೆ ಬೈಗುಳ, ಏಯ್ ತಿಲಗಾ, ನಿಲಾ ವೆಳಿಚ್ಚಂ ಇರುಂದಾ ಮೀನು ವಲೈಯ ಪಾತ್ತುರುಂಡೀ, ಬೆಳದಿಂಗಳಲ್ಲಿ ಮೀನು ಬಲೆಯನ್ನು ನೋಡಿಬಿಡುತ್ತದೆ, ಕತ್ತಲಲ್ಲಾದರೆ ಹಿಂಡು ಹರಿದ ಕಡೆ ನೀರೇ ಮಿಣುಗುತ್ತದೆ, ಆ ಮಿಣುಗು ಹಿಡಿದು ಬಲೆ ಸುತ್ತುತ್ತಾರೆ, ಚಂದ್ರನಿಗೆ ಗುಡಿ ಹತ್ತಿರ ಕಟ್ಟಿದರೆ ಮಳೆ ದೂರ, ಅಗಲಕ್ಕೆ ಕಟ್ಟಿದರೆ ನಾಳೆಯೇ, ಚುಕ್ಕಿ ನಡುಗಿದರೆ ಮೇಲೆ ಗಾಳಿ ಎದ್ದಿದೆ, ದೋಣಿ ದೂರ ಹೋಗುವುದಿಲ್ಲ, ಬೆಳಗಿನ ಜಾವ ಕೃತ್ತಿಕೆಯ ಗೊಂಚಲು ಬಿಡಿಬಿಡಿಯಾಗಿ ಕಂಡರೆ ಕಡಲು ಹದವಾಗಿದೆ, ಕಲಸಿದ ಹಾಗೆ ಕಂಡರೆ ಪೆಟ್ಟಿಗೆ ಕೇಳಬೇಡ. ನಾನು ದ್ರಾಕ್ಷಿ ತೋಟದಲ್ಲಿ ಬೆಳೆದವಳು, ಸುತ್ತ ಬೆಟ್ಟ, ಕಡಲಿಗೂ ನಮಗೂ ಏನು ಸಂಬಂಧ, ಆದರೂ ಕಲಿತೆ, ಪೆಟ್ಟು ತಿಂದು ಕಲಿತೆ, ಈಗ ಆಕಾಶ ನೋಡಿ ಫೋನು ಮಾಡುತ್ತೇನೆ, ಇವತ್ತು ಬೇಡ, ನಾಳೆ ಕಳಿಸು, ಮುದುಕಿಯೇ ಗೊಣಗುತ್ತಾಳೆ, ಇವಳಿಗೆ ಎಲ್ಲಾ ಗೊತ್ತು ಎಂದು. ಗೊತ್ತು. ಆ ಪಿಚ್ಚೈಗೆ ಗೊತ್ತಾ? ಬಸ್ ನಿಲ್ದಾಣದ ಹಿಂದೆ ಅಂಗಡಿ ಇಟ್ಟಿದ್ದಾನಲ್ಲ ಆ ಕಳ್ಳ, ಹುಣ್ಣಿಮೆಯಲ್ಲೂ ಸಾಳೆ ಮಾರುತ್ತಾನೆ, ಎಲ್ಲಿಂದ ಬಂತು, ಹಳೇ ಐಸಿನಲ್ಲಿ ನೆನೆಹಾಕಿ ಕಣ್ಣು ಕೆಂಪಾಗಿ ಹೊಟ್ಟೆ ಒಡೆದದ್ದು, ಅದನ್ನು ನೀರು ಚಿಮುಕಿಸಿ ಚಿಮುಕಿಸಿ ಹೊಳೆಯಿಸುತ್ತಾನೆ, ಥೂ, ಅದನ್ನು ಅವ್ವನ ಬಾಯಿಗೆ ಹಾಕಬೇಕಿತ್ತೇನು ನಾನು? ನನ್ನ ಕೈಯ ಮೀನು ಅಂದರೆ ಅದಕ್ಕೊಂದು ಮರ್ಯಾದೆ ಇದೆ.

ಕೊಳಂಬು ಇಳಿಸಿದೆ, ಹುಣಸೆ ಹುಳಿ ಅವ್ವ ಹೇಳಿದ ಹಾಗೆ ತೂಕವಾಗಿ, ಒಂದಿಷ್ಟು ಜಾಸ್ತಿಯೇ, ಹಿಡಿಕೆಯ ಸ್ಟೀಲ್ ಡಬ್ಬಿಗೆ ತುಂಬಿದೆ, ಮುಚ್ಚಳಕ್ಕೆ ಬಟ್ಟೆ ಕಟ್ಟಿದೆ, ಆದರೂ ವಾಸನೆ ನಿಲ್ಲುತ್ತದೆಯೇ, ಟೌನ್ ಬಸ್ಸು ಹತ್ತಿದ ಕೂಡಲೇ ಕಂಡಕ್ಟರ್ ಮುಖ ಸಿಂಡರಿಸಿದ, ಏಮ್ಮಾ, ಮೀನಾ, ಇನ್ನಿಕ್ಕು ಅಮಾವಾಸೆಮ್ಮಾ. ಗೊತ್ತು ಕಣಪ್ಪ, ನಿನಗಿಂತ ಚೆನ್ನಾಗಿ ಗೊತ್ತು, ಅಮಾವಾಸ್ಯೆ ಎಂದೇ ಈ ಮೀನು ಬಂದಿದ್ದು. ಪಕ್ಕದ ಹೆಂಗಸು ಎದ್ದು ನಿಂತಳು, ನಿಂತುಕೋ, ನನಗೇ ಜಾಗ ಆಯಿತು. ಕಿಟಕಿಯಿಂದ ಆಡಿ ಗಾಳಿ ಮುಖಕ್ಕೆ ಮಣ್ಣು ಎರಚುತ್ತಿದೆ, ಈ ಗಾಳಿಗೆ ಅಮ್ಮಿಕಲ್ಲೇ, ಖಾರ ಅರೆಯುವ ಕಲ್ಲೇ ಹಾರುತ್ತದೆ ಅನ್ನುತ್ತಾರೆ, ಹಾರಲಿ, ಹೋಗಿ ಜೆಯಂತಿಯ ಅಂಗಳದಲ್ಲಿ ಬೀಳಲಿ. ಅವತ್ತು ಅವ್ವನ ಮಂಚದಿಂದ ಎದ್ದು ಬರುವಾಗ ಅಣ್ಣ ಅಂದನಲ್ಲ, ನೀ ಬಂದೋದ್ರೆ ಎರಡು ದಿನ ಮನೆ ನಾರ್ತದೆ ತಿಲಗಾ ಎಂದು, ಅತ್ತಿಗೆ ಪಕ್ಕದಲ್ಲೇ ನಿಂತಿದ್ದಳು, ಒಂದು ಮಾತು ಆಡಿದಳಾ? ಕತ್ತಲು ಬಂದು ಮೀನು ಬಂದಾಗಲೇ ನಿಮ್ಮ ಹೊಸ್ತಿಲು ತುಳಿಯುತ್ತೇನೆ ಎಂದು ಮುಖಕ್ಕೆ ಹೇಳಿ ಬಂದೆ. ನಡುವೆ ಫೋನು ಮಾಡಿ ಕೇಳಿದೆ, ಅವ್ವ ಮೀನು ಕೇಳ್ತಾಳಾ ಅತ್ತಿಗೆ? ಇಲ್ಲೆ ಈಗ ಕೇಳೋದಿಲ್ಲೆ ಅಂದಳು. ಕೇಳುವುದಿಲ್ಲವಂತೆ, ಬಾಯಿ ಮುಚ್ಚಿಸಿದ್ದಾರೆ ಮುದುಕಿಯನ್ನು, ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ, ಇದೇ ಮನೆಯಲ್ಲಿ ಭಾನುವಾರ ಕೋಳಿ ಬೇಯುವುದಿಲ್ಲವೇ? ನಿನ್ನೆ ಸಂಜೆ ಅವಳೇ ಫೋನು ಮಾಡಿದಳು, ಅತ್ತೆಗೆ ಸರಿಯಿಲ್ಲೆ, ನಾಳೆ ಬಂದು ನೋಡ್ಕೊಂಡು ಹೋಗು, ಏನೂ ತರಬೇಡ. ಏನೂ ತರಬೇಡ! ಅಪ್ಪನಿಗೆ ಎಡೆ ಇಡುವ ದಿನ, ಮೀನುಕಾರಿ ಬರಿಗೈಲಿ ಬಾಗಿಲಲ್ಲಿ ನಿಂತು ನೋಡಿಕೊಂಡು ಹೋಗಬೇಕು. ತರುತ್ತೇನೆ ಕಣೆ ಜೆಯಂತಿ, ಇವತ್ತೇ ತರುತ್ತೇನೆ, ಸತ್ತ ಅಪ್ಪನಿಗೆ ಬಾಳೆಕಾಯಿ ಪಲ್ಯ, ಬದುಕಿರುವ ಅವ್ವನಿಗೆ ಬಾಯಿಗೆ ಬೀಗ, ಯಾವ ಶಾಸ್ತ್ರವೋ ಇದು.

ಬೀದಿಯಲ್ಲಿ ಯಾರೂ ಮಾತಾಡಿಸಲಿಲ್ಲ, ಬೇಕಾಗಿಯೂ ಇಲ್ಲ, ಅಂಗಳದಲ್ಲಿ ಅಣ್ಣನ ಬೈಕಿಲ್ಲ, ಸುರುಳಿ ತೀರ್ಥಕ್ಕೆ ಹೋಗಿರಬೇಕು ಅಪ್ಪನಿಗೆ ನೀರು ಬಿಡಲು, ಒಳ್ಳೆಯದೇ ಆಯಿತು, ಇವಳೊಬ್ಬಳು ಸಾಕು ನನಗೆ. ಬಾಗಿಲಿಗೆ ಬಂದಳು, ಒದ್ದೆ ಕೂದಲಿಗೆ ಟವೆಲು, ಕೈಯಲ್ಲಿ ಕುಂಬಳಕಾಯಿಯ ಹೋಳು, ಕಣ್ಣು ನೇರ ಡಬ್ಬಿಯ ಮೇಲೆ, ಗೊತ್ತಿತ್ತು, ನಾನು ಬಸ್ಸಿನಲ್ಲಿ ಹೊಸೆದಿಟ್ಟ ಮಾತೆಲ್ಲ ಒಟ್ಟಿಗೇ ಬಂತು, ಏನ್ ನೋಡ್ತೀಯ ಅತ್ತಿಗೆ, ಮೀನೇ, ಸಾಳೆ ಮೀನೇ, ನಿನ್ನ ಅಮಾಸೆಗೆ ಹೊಲೆಯಾಗ್ಲಿ, ನಿನ್ನ ಒಲೆ ಮುಟ್ಟಲ್ಲ ನಾನು, ನಿನ್ನ ತಟ್ಟೆ ಮುಟ್ಟಲ್ಲ, ನಮ್ಮವ್ವನ ಬಾಯಿ ಮಾತ್ರ ಮುಟ್ತೀನಿ, ದಾರಿ ಬಿಡು. ಪಕ್ಕದ ಮನೆಯವಳು ಗೋಡೆಯ ಮೇಲೆ ತಲೆ ಹಾಕಿದಳು, ಹಾಕಲಿ. ಜೆಯಂತಿ ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಪಕ್ಕಕ್ಕೆ ಸರಿದಳು, ಮೆಲ್ಲಗೆ ಬಾ ತಿಲಗಾ, ಡಬ್ಬೀನೂ ತಗೊಂಡೇ ಬಾ, ನಾ ತಡಿಯೋದಿಲ್ಲೆ, ಅತ್ತೆಗೆ ಮೊನ್ನೆಯಿಂದ ನೀರೂ ಇಳೀತಿಲ್ಲೆ. ಏನು ನಾಟಕ ಇದು, ನೀರು ಇಳಿಯುವುದಿಲ್ಲ ಎಂದರೆ, ನಾನು ತಂದಾಗಲೇ ಇಳಿಯುವುದಿಲ್ಲವೇ?

ಅವ್ವ ಒಳಕೋಣೆಯಲ್ಲಿ, ಕಿಟಕಿಯ ಕೆಳಗೆ, ಇಷ್ಟು ಸಣ್ಣಗಾಗಬಹುದೇ ಒಬ್ಬ ಮನುಷ್ಯಳು, ಕಣ್ಣು ಅರ್ಧ ತೆರೆದಿದೆ, ನನ್ನ ಕಡೆಗಲ್ಲ, ಉಸಿರು ಗೊರ್ ಎನ್ನುತ್ತಿದೆ, ಅವ್ವ ನೋಡು ಕತ್ತಲು ಬಂತು, ಹೇಳಿದ ಹಾಗೆ ತಂದೆ ನೋಡು ಎಂದು ಮುಚ್ಚಳ ತೆಗೆದೆ, ಕೋಣೆ ತುಂಬ ವಾಸನೆ ಎದ್ದಿತು, ಹುಳಿ, ಬೆಳ್ಳುಳ್ಳಿ, ಎಣ್ಣೆ ತೇಲಿದ ಮೀನು, ಸತ್ತವರೂ ಎದ್ದು ಕೂರಬೇಕು, ಬೆರಳು ಅದ್ದಿ ತುಟಿಗೆ ಸವರಿದೆ, ತುಟಿ ತೆರೆಯಲಿಲ್ಲ, ಇನ್ನೊಂದು ಸಲ ಸವರಿದೆ, ಕೆಂಪು ನೀರು ಗಲ್ಲದ ಮೇಲೆ ಇಳಿದು ಕುತ್ತಿಗೆಗೆ ಹೋಯಿತು, ಜೆಯಂತಿ ತನ್ನ ಮಡಿ ಸೀರೆಯ ಸೆರಗಿನಿಂದಲೇ ಅದನ್ನು ಒರೆಸಿದಳು, ಬಿಡು ತಿಲಗಾ. ನಾನು ಅವಳ ಕೈ ತಳ್ಳಿದೆ, ನೀನೇ ಕಣೆ, ನೀನೇ ತಡೆದೆ, ಆಸೆ ಇಟ್ಟುಕೊಂಡೇ ಹೋಗ್ತಾಳೆ ನಮ್ಮವ್ವ, ನಿನ್ನ ಮಡಿಯಿಂದ ಆಸೆ ಇಟ್ಟುಕೊಂಡೇ ಹೋಗ್ತಾಳೆ. ಅವಳು ನೆಲ ನೋಡಿಕೊಂಡು ಅಂದಳು, ಇಲ್ಲೆ, ತಿಂದ್ರು. ಏನು ತಿಂದಳು? ಸಾಳೆ, ನೀ ಬಂದೋದ ಮಾರನೇ ದಿನಾನೇ, ಹುಣ್ಣಿಮೆ ಅವತ್ತು, ಬೆಳಗಿಂದ ಕೇಳ್ತಾನೇ ಇದ್ರು, ನಿಮ್ಮಣ್ಣ ತೋಟಕ್ಕೆ ಹೋದ್ಮೇಲೆ ಬಸ್ಸು ಹತ್ತಿ ಹೋಗಿ ಪಿಚ್ಚೈ ಅಂಗಡೀಲಿ ವಾಂಗ್ಕೊಂಡು ಬಂದೆ, ಮನೆ ಒಲೇಲಿ ಮಾಡಕ್ಕಾಗ್ತದಾ, ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಮಾಡ್ಕೊಟ್ಟೆ, ಮಡಕೆ ಒಡೆದು ಬಾವಿ ಹಿಂದೆ ಹೂತಾಕ್ದೆ, ನಿಮ್ಮಣ್ಣಂಗೆ ಗೊತ್ತಿಲ್ಲೆ. ಪಿಚ್ಚೈ ಅಂಗಡಿಯದ್ದಾ! ಆ ಕೊಳೆತದ್ದಾ! ಬಾಯಿಗೆ ಬಂದದ್ದೇ ಅದು, ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ, ಥ್ಯಾಂಕ್ಸ್ ಎಂದೂ ಅನ್ನಲಿಲ್ಲ, ಹುಣ್ಣಿಮೆ ಸಾಳೆ ಬರೀ ಮುಳ್ಳು ಕಣೆ, ಕೊಬ್ಬೇ ಇರೋದಿಲ್ಲ, ಹೊಟ್ಟೆ ಒಡೆದಿರ್ತದೆ, ಅದನ್ನ ಯಾರಾದ್ರೂ ಹಾಸಿಗೆ ಹಿಡಿದವರಿಗೆ ಕೊಡ್ತಾರಾ? ಅತ್ತೆ ಕೇಳಿದ್ದು ಅವತ್ತು ತಿಲಗಾ ಅಂದಳು.

ಅವತ್ತು. ಹೌದು, ಅವತ್ತು ಚಂದ್ರ ಪೂರ್ತಿ, ಕಡಲಲ್ಲಿ ಏನೂ ಇರಲಿಲ್ಲ, ನಾನು ಹೇಳಿದ್ದು ಒಂದಕ್ಷರ ತಪ್ಪಿಲ್ಲ, ಮುತ್ತಮ್ಮಾಳ್ ಕೂಡ ಅದನ್ನೇ ಹೇಳುತ್ತಿದ್ದಳು, ಗುಡಿ ಕಟ್ಟಿತ್ತು, ಚುಕ್ಕಿ ನಡುಗುತ್ತಿತ್ತು, ಮಾರನೇ ದಿನ ಗಾಳಿ ಬೀಸಿತು, ದೋಣಿ ಹೋಗಲಿಲ್ಲ, ಎಲ್ಲಾ ಸರಿಯಾಗಿಯೇ ಇತ್ತು, ಈ ಜೆಯಂತಿ, ಹುಣ್ಣಿಮೆಯ ದಿನ ಈರುಳ್ಳಿ ಕೂಡ ಹೆಚ್ಚದ ಈ ಜೆಯಂತಿ, ಮೂಗಿಗೆ ಸೆರಗು ಹಿಡಿದುಕೊಂಡು ಆ ಕಳ್ಳನ ಹಲಗೆಯ ಮುಂದೆ ನಿಂತಿದ್ದಳು, ಕಿವಿರು ಎತ್ತಿ ನೋಡಲೂ ಬಾರದವಳು, ಅವನು ಹಾಕಿದ್ದನ್ನು ಕಟ್ಟಿಸಿಕೊಂಡು ಬಂದಳು, ನಮ್ಮವ್ವನಿಗೆ, ನನ್ನ ಅವ್ವನಿಗೆ, ನಾನಿರುವಾಗ, ಮೀನು ಮಾರುವ ಮಗಳು ಇರುವಾಗ. ಹಾಳಾದವಳೆ. ರುಚಿಯಾಗಿತ್ತಂತಾ, ಕೇಳಬಾರದಿತ್ತು, ಕೇಳಿಬಿಟ್ಟೆ, ಅವಳು ಸೆರಗಿನ ಕಲೆ ಮುದುರಿಕೊಂಡು ಅಂದಳು, ಮುಳ್ಳು ಬಿಡಿಸಿ ಬಿಡಿಸಿ ಕೊಟ್ಟೆ, ಎರಡು ಮೀನು ಮುಗಿಸಿದ್ರು, ಆಮೇಲೆ ಬೆರಳು ಚೀಪಿದ್ರು. ಬೆರಳು ಚೀಪಿದಳಾ. ಹೂಂ, ಒಂದೊಂದೇ. ಡಬ್ಬಿಯಲ್ಲಿ ಕೊಬ್ಬು ಮೇಲೆದ್ದು ಕೆನೆಗಟ್ಟುತ್ತಿದೆ, ಇಂಥ ಮೀನು, ಬೆಣ್ಣೆಯಂಥ ಮೀನು, ಕತ್ತಲಿಗಾಗಿ ಕಾದು ತಂದದ್ದು, ಹೊರಗೆ ಯಾರದೋ ಮಾಳಿಗೆಯಿಂದ ಕಾ ಕಾ ಎಂದು ಕರೆಯುತ್ತಿದ್ದಾರೆ, ಅಣ್ಣ ಬರುವ ಹೊತ್ತಾಯಿತು, ಬರಲಿ, ನೋಡಲಿ, ನಾರಲಿ ಮನೆ, ನಾನು ಏಳುವುದಿಲ್ಲ, ಅವ್ವನ ಕೈ ನನ್ನ ಕೈಯಲ್ಲಿದೆ, ತಣ್ಣಗಿದೆ, ಉಗುರಿನ ಬುಡದಲ್ಲಿ ಏನೂ ಇಲ್ಲ, ಯಾರೋ ತೊಳೆದಿದ್ದಾರೆ, ಜೆಯಂತಿಯೇ ತೊಳೆದಿರಬೇಕು, ಇದೇ ಬೆರಳು, ಆ ಕೊಳೆತ ಮೀನಿನ ಸಾರು ಮೆತ್ತಿದ್ದು, ಹಿತ್ತಲಲ್ಲಿ ಹಗ್ಗದ ಮಂಚದ ಮೇಲೆ ಕೂತು, ನಾನಿಲ್ಲದೆ, ಅವ್ವ ಬೆರಳು ಚೀಪುತ್ತಿದ್ದಾಳೆ, ನಗುತ್ತಿದ್ದಳೇ ಎಂದು ಕೇಳಬೇಕು, ಕೇಳುವುದಿಲ್ಲ, ಅವಳನ್ನು ಕೇಳುವುದಿಲ್ಲ, ಹೆಬ್ಬೆರಳು, ತೋರುಬೆರಳು, ಒಂದೊಂದೇ, ಅವ್ವ ಬೆರಳು ಚೀಪುತ್ತಿದ್ದಾಳೆ, ಜೆಯಂತಿ ಮುಳ್ಳು ಬಿಡಿಸುತ್ತಿದ್ದಾಳೆ, ಅವ್ವ ಬೆರಳು ಚೀಪುತ್ತಿದ್ದಾಳೆ.